ಭಾವನ ಕಿವಿ, ಕಾರಿನ ಕಡ್ಡಿ

ಅವನ ನಿಜವಾದ ಹೆಸರು ಒಡಹುಟ್ಟಿದ ಅಕ್ಕನ ಬಾಯಲ್ಲೂ ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಊರಿಗೆಲ್ಲ ಅವನು ಕಡ್ಡಿ. ಆಳು ಸಣ್ಣಗೆ ಉದ್ದಕ್ಕೆ ಇದ್ದದ್ದು ಒಂದು ಕಾರಣ, ಕಾರುಗಳಿಗೆ ರೇಡಿಯೊ ಕೂರಿಸಿ ಅದರ ಆಂಟೆನಾ ನೆಡುವ ಕಸುಬು ಇನ್ನೊಂದು ಕಾರಣ. ಆಂಟೆನಾ ಎಂಬ ಮಾತು ಅಂಗಡಿಯ ಬೋರ್ಡಿನ ಮೇಲಷ್ಟೇ ಇತ್ತು, ಡ್ರೈವರುಗಳ ಬಾಯಲ್ಲಿ ಅದೂ ಕಡ್ಡಿಯೇ. "ಕಡ್ಡಿ ಇದ್ದಾನಾ? ಕಡ್ಡಿ ಮುರಿದಿದೆ, ಒಳ್ಳೇ ಕಡ್ಡಿ ಹಾಕಿಸಬೇಕು" ಎಂದು ಯಾರಾದರೂ ಬಂದರೆ, ಪಕ್ಕದ ಅಂಗಡಿಯವರು ಅದರಲ್ಲಿ ಯಾವ ಕಡ್ಡಿಯನ್ನು ಒಳಗಿಂದ ಕರೆಯಬೇಕು ಎಂದು ನಗುತ್ತಿದ್ದರು.

ಒಂದು ಕಡೆ ಟೈರಿನ ಅಂಗಡಿ, ಇನ್ನೊಂದು ಕಡೆ ಕಾರಿನ ಗಾಜಿನ ಅಂಗಡಿ, ನಡುವೆ ಅವನದು. ಕಾರಿನ ಮೂತಿ ಒಳಗೆ ಬಂದರೆ ಬಾಲ ರಸ್ತೆಯಲ್ಲೇ ಇರಬೇಕು, ಅಷ್ಟೇ ಜಾಗ. ಗೋಡೆಯ ಮೊಳೆಗಳಿಗೆ ನಾನಾ ಬಗೆಯ ಕಡ್ಡಿಗಳು ತೂಗುತ್ತಿದ್ದವು. ಎಳೆದರೆ ಉದ್ದವಾಗುವವು, ರಬ್ಬರು ಹೊದಿಸಿದವು, ರೇಡಿಯೊ ಹಾಕಿದ ಕೂಡಲೇ ತಾವಾಗಿ ಮೇಲೇಳುವ ಮೋಟಾರಿನವು, ಮತ್ತೆ ಹೆಬ್ಬೆರಳಿನಷ್ಟೇ ಇರುವ ಷೋಕಿಯವು. ಈ ಕೊನೆಯದನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. "ಗಾಳೀಲಿ ಬರೋ ಅಲೆ ಹಿಡಿಯೋಕೆ ಕಡ್ಡಿಗೆ ಇಂತಿಷ್ಟು ಉದ್ದ ಅಂತ ಬೇಕು. ನೀವು ಚೆಂದ ಕಾಣಲಿ ಅಂತ ಗಿಡ್ಡ ಮಾಡಿಸ್ತೀರಿ, ಆಮೇಲೆ ಸ್ಟೇಷನ್ ಹಿಡಿಯಲ್ಲ ಅಂತ ಬಂದು ನನ್ನ ತಲೆ ತಿಂತೀರಿ" ಎಂದು ಗಿರಾಕಿಯ ಮುಖಕ್ಕೇ ಹೇಳಿಬಿಡುತ್ತಿದ್ದ. ಕಸುಬಿನ ವಿಷಯದಲ್ಲಿ ಅವನದು ನೇರ ಮಾತು. ಉಳಿದ ವಿಷಯಗಳಲ್ಲಿ ಅಷ್ಟೇನೂ ನೇರವಲ್ಲ ಎನ್ನುವುದು ಈ ಕತೆ.

ಜನ ಕಡ್ಡಿಯೊಂದೇ ಕೆಲಸ ಮಾಡುತ್ತದೆ ಅಂದುಕೊಂಡಿರುತ್ತಾರೆ. ಹಾಗಲ್ಲ. ಅಲೆ ಹಿಡಿಯುವುದು ಕಡ್ಡಿ ನಿಜ, ಆದರೆ ಅದಕ್ಕೆ ಕಾಲೂರಲು ಕಾರಿನ ತಗಡು ಬೇಕು. ಆದ್ದರಿಂದ ಕಡ್ಡಿ ನೆಡುವ ತೂತಿನ ಸುತ್ತ, ಮಡ್‌ಗಾರ್ಡಿನ ಒಳಮೈಯಲ್ಲಿ, ಬಣ್ಣವನ್ನು ಚಾಕುವಿನಿಂದ ಕೆರೆದು ತಗಡು ಹೊಳೆಯುವಂತೆ ಮಾಡಬೇಕು. ಹಲ್ಲು ಹಲ್ಲಿನ ಒಂದು ವಾಷರು ಆ ತಗಡನ್ನು ಕಚ್ಚಿ ಕೂರಬೇಕು. ಬಣ್ಣದ ಮೇಲೆ ಕೂರಿಸಿದರೆ ಉಯ್ಯಾಲೆಯ ಮೇಲೆ ನಿಂತು ಮೂಟೆ ಎತ್ತಿದ ಹಾಗೆ. ಈ ಕೆರೆಯುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ, ಬಿಟ್ಟರೂ ಯಾರಿಗೂ ತಿಳಿಯುವುದಿಲ್ಲ. ಕಡ್ಡಿ ಅದನ್ನು ಎಂದೂ ಬಿಡುತ್ತಿರಲಿಲ್ಲ. ಬಿಡುವುದಿಲ್ಲವೆಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದನ್ನೂ ಬಿಡುತ್ತಿರಲಿಲ್ಲ.

ಈ ಕಸುಬಿಗೆ ಅವನನ್ನು ಹಚ್ಚಿದ್ದು ಭಾವ, ಅಂದರೆ ಅಕ್ಕನ ಗಂಡ. ಭಾವ ಟ್ಯಾಕ್ಸಿ ಓಡಿಸುತ್ತಿದ್ದ. ಓದು ತಲೆಗೆ ಹತ್ತದೆ, ಕೆಲಸವೂ ಸಿಗದೆ, ಹುಡುಗ ಕಡ್ಡಿ ಅಕ್ಕನ ಮನೆಯ ಜಗಲಿಯಲ್ಲಿ ಬಿದ್ದುಕೊಂಡಿದ್ದ ಕಾಲದಲ್ಲಿ, ಭಾವ ಗುಜರಿಗೆ ಬಂದ ಯಾವುದೋ ಕಾರಿನ ಸತ್ತ ರೇಡಿಯೊ ತಂದು ಅವನ ಮುಂದಿಟ್ಟು, "ಸುಮ್ನೆ ಬಿದ್ದಿರೋ ಬದಲು ಇದನ್ನ ಮಾತಾಡಿಸು ನೋಡೋಣ" ಅಂದಿದ್ದ. ಕಡ್ಡಿ ಅದನ್ನು ಬಿಚ್ಚಿ, ಬೆಸೆದು, ಭಾವನ ಟ್ಯಾಕ್ಸಿಗೆ ಕೂರಿಸಿದ. ಆಂಟೆನಾ ಕೊಳ್ಳುವ ಮಾತೆಲ್ಲಿ, ಅಕ್ಕನ ಸೀರೆ ತೂಗುಹಾಕುವ ಹ್ಯಾಂಗರನ್ನು ನೆಟ್ಟಗೆ ಮಾಡಿ ಮಡ್‌ಗಾರ್ಡಿಗೆ ಸ್ಕ್ರೂ ಹಾಕಿ ಬಿಗಿದ. ಬರೀ ಬುಸ್ ಎನ್ನುತ್ತಿತ್ತು. ಸಿಟ್ಟಿನಿಂದ ಸ್ಕ್ರೂವನ್ನು ಇನ್ನಷ್ಟು ತಿರುಗಿಸಿದಾಗ ಅದು ಬಣ್ಣ ಸೀಳಿಕೊಂಡು ತಗಡಿಗೆ ಇಳಿಯಿತು, ಆ ಕ್ಷಣಕ್ಕೇ ಒಬ್ಬ ಹೆಂಗಸು ಪಕ್ಕದಲ್ಲಿ ಕೂತು ಹಾಡಿದಷ್ಟು ಸ್ಪಷ್ಟವಾಗಿ ಹಾಡು ಕೇಳಿಸಿತು. ಭಾವ ಬಾನೆಟ್ಟಿನ ಮೇಲೆ ತಾಳ ಹಾಕಿ ಕುಣಿದ. ಅಕ್ಕ ಹ್ಯಾಂಗರು ಹುಡುಕುತ್ತಿದ್ದಳು.

ಅಂದಿನಿಂದ ಭಾವನ ಬಾಯಿಗೆ ಅದೇ ವಿಷಯ. ಭಾವ ಮಾತಿನ ಮಲ್ಲ. ಹತ್ತಿದ ಪ್ಯಾಸೆಂಜರು ಬಾಗಿಲು ಹಾಕಿಕೊಳ್ಳುವುದೇ ತಡ, ರೇಡಿಯೊ ಕಡೆ ಬೆರಳು ಮಾಡಿ ಶುರು ಮಾಡುತ್ತಿದ್ದ. "ನನಗೊಬ್ಬ ಭಾವಮೈದ ಇದ್ದಾನೆ ಸಾರ್. ಚಿನ್ನದಂಥ ಕೈ. ಎಂಥಾ ಗಲ್ಲಿಗೆ ಹೋದ್ರೂ ಈ ರೇಡಿಯೊ ತೊದಲಲ್ಲ, ಕೇಳಿ ಬೇಕಾದ್ರೆ." ಕೇಳುವವರು ಕೇಳಲಿ ಬಿಡಲಿ, ಇಳಿಯುವ ಹೊತ್ತಿಗೆ ಅವರಿಗೆ ಅಂಗಡಿಯ ವಿಳಾಸ ಬಾಯಿಪಾಠವಾಗಿರುತ್ತಿತ್ತು. ಕಡ್ಡಿಯ ಅಂಗಡಿ ನಿಂತದ್ದು ಅರ್ಧ ಅವನ ಕೈಯಿಂದ, ಅರ್ಧ ಭಾವನ ಬಾಯಿಂದ. ಕಡ್ಡಿಗೂ ಇದು ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದಕ್ಕೇ ಮುಂದೆ ಅವನಿಗೆ ಅಷ್ಟು ಸಂಕಟವಾದದ್ದು.

ಭಾವ ಆ ವರ್ಷ ತನ್ನ ಕಾರಿಗೆ ಮೈಪೂರಾ ಹೊಸ ಬಣ್ಣ ಹೊಡೆಸಿದ. ಕಡು ನೀಲಿ, ಮುಖ ನೋಡಿಕೊಂಡು ತಲೆ ಬಾಚಬಹುದು, ಅಂಥ ಹೊಳಪು. ರೇಡಿಯೊವನ್ನೂ ಹೊಸದು ತಂದ. ಹಳೆಯ ಕಡ್ಡಿ ತುಕ್ಕು ಹಿಡಿದು ಬಣ್ಣದವನ ಶೆಡ್ಡಿನಲ್ಲೇ ಉಳಿದಿತ್ತು, ಹೊಸದು ನೆಡಬೇಕಿತ್ತು. ಬಣ್ಣದವನು ಭಾರಿ ಮುತುವರ್ಜಿಯವನು, ತುಕ್ಕು ಹಿಡಿಯದಿರಲೆಂದು ಮಡ್‌ಗಾರ್ಡಿನ ಒಳಮೈಗೂ ದಪ್ಪಗೆ ಕಪ್ಪು ಬಳಿದಿದ್ದ.

ಕಡ್ಡಿ ಚಾಕು ತೆಗೆದುಕೊಂಡು ಚಕ್ರದ ಪಕ್ಕ ಬಗ್ಗಿದ. ಭಾವ ಅವನ ತಲೆಯ ಮೇಲೇ ನಿಂತಿದ್ದ.

"ನಿಧಾನ ಕಣೋ. ಬಣ್ಣ ಇನ್ನೂ ಹಸಿ. ಒಂದು ಚೂರು ಎದ್ರೂ ನನ್ನ ಎದೆ ಒಡೆದುಹೋಗುತ್ತೆ."

"ಒಳಗಡೆ ಕೆರೆಯೋದು ಭಾವ, ಹೊರಗಡೆ ಕಾಣಲ್ಲ."

ಅಂದದ್ದೇ ತಡ, ತೂತಿನ ಅಂಚಿನಲ್ಲಿ, ಹೊರಗಡೆಯೇ, ಎಳ್ಳಿನಷ್ಟು ನೀಲಿ ಹಕ್ಕಳೆ ಎದ್ದಿತು. ಭಾವ ಕಾದ ಕಬ್ಬಿಣ ಮುಟ್ಟಿದವನಂತೆ ಉಸಿರೆಳೆದುಕೊಂಡ. ಕಡ್ಡಿ ಚಾಕು ಕೆಳಗಿಟ್ಟ. ಬಿಗಿದರೆ ಇನ್ನಷ್ಟು ಏಳುತ್ತದೆ ಎಂದು ಹಲ್ಲಿನ ವಾಷರನ್ನೂ ಬಿಟ್ಟು, ರಬ್ಬರಿನ ವಾಷರು ಹಾಕಿ, ಕೈಬಿಗಿಯಷ್ಟೇ ತಿರುಗಿಸಿದ. ಬಣ್ಣ ಒಣಗಲಿ, ಆಮೇಲೊಂದು ದಿನ ಕರೆಸಿ ಕೆರೆದರಾಯಿತು ಅಂದುಕೊಂಡ. ಅಂದುಕೊಂಡದ್ದನ್ನು ಭಾವನಿಗೆ ಹೇಳಲಿಲ್ಲ. ಅಂಗಡಿಯಿಂದ ನೋಡಿದರೆ ರೇಡಿಯೊ ಟವರಿನ ಗುಡ್ಡ ಎದುರಿಗೇ ಕಾಣುತ್ತಿತ್ತು, ಅಲ್ಲಿ ಉಗುರು ಹಿಡಿದರೂ ಸ್ಟೇಷನ್ ಬರುತ್ತದೆ. ಹಾಡು ಚೆನ್ನಾಗಿಯೇ ಕೇಳಿಸಿತು. ಭಾವ ಮಗುವನ್ನು ಎತ್ತಿಕೊಂಡು ಹೋಗುವವನಂತೆ ಕಾರನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಹೋದ.

ಕೆಲವು ದಿನಗಳ ಮೇಲೆ ಕಡ್ಡಿ ರೈಲ್ವೆ ಸ್ಟೇಷನ್ ಎದುರಿನ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗಿದ್ದ. ಹತ್ತಾರು ಟ್ಯಾಕ್ಸಿಗಳ ಒಬ್ಬ ಮಾಲೀಕ ತನ್ನ ಎಲ್ಲ ಕಾರುಗಳಿಗೂ ರೇಡಿಯೊ ಹಾಕಿಸುವವನಿದ್ದ, ಅದನ್ನು ಯಾರಿಗೆ ಕೊಡಬೇಕು ಎಂದು ಅಳೆದು ಸುರಿದು ನೋಡುತ್ತಿದ್ದ. ಡ್ರೈವರುಗಳೆಲ್ಲ ಸುತ್ತ ನಿಂತಿದ್ದರು. ಅಷ್ಟರಲ್ಲಿ ಭಾವ ಕಾರು ತಂದು ನಿಲ್ಲಿಸಿ, ಕಿಟಕಿಯಿಂದ ತಲೆ ಹಾಕಿ ಕರೆದ. "ಬಾರೋ ಇಲ್ಲಿ. ಯಾಕೋ ಮಂಕಾಗಿ ಕೇಳಿಸುತ್ತೆ ಕಣೋ."

ಕಡ್ಡಿ ಪಕ್ಕದ ಸೀಟಿನಲ್ಲಿ ಕೂತು ಕಿವಿಗೊಟ್ಟ. ಕೂತ ಕೂಡಲೇ ಗೊತ್ತಾಯಿತು. ಹಳೆಯ ಸೆಟ್ಟುಗಳು ಅಲೆ ಸಾಲದಿದ್ದರೆ ಬುಸುಗುಟ್ಟಿ ರಂಪ ಮಾಡುತ್ತಿದ್ದವು, ಕುರುಡನಿಗೂ ಕಡ್ಡಿಯ ದೋಷವೆಂದು ತಿಳಿಯುತ್ತಿತ್ತು. ಹೊಸ ಸೆಟ್ಟುಗಳು ನಾಜೂಕಿನವು. ಬುಸುಗುಟ್ಟುವುದು ಹೊರಗೆ ಕೇಳದಿರಲಿ ಎಂದು ಚೂಪಾದ ಸ್ವರಗಳನ್ನು ತಾವೇ ಕತ್ತರಿಸಿ, ಸದ್ದನ್ನೂ ತಗ್ಗಿಸಿ, ಮರ್ಯಾದೆ ಕಾಪಾಡಿಕೊಳ್ಳುತ್ತವೆ. ಮಾತು ಕೇಳಿಸುತ್ತದೆ, ಆದರೆ ಕಂಬಳಿಯೊಳಗಿಂದ ಬಂದ ಹಾಗೆ, ಯಾವ ಅಕ್ಷರಕ್ಕೂ ಅಂಚಿಲ್ಲದೆ. ಸುತ್ತ ಎತ್ತರದ ಕಟ್ಟಡಗಳು, ಗುಡ್ಡ ಮರೆ, ಕಡ್ಡಿಗೆ ಕಾಲಿಲ್ಲ. ಇನ್ನೇನಾದೀತು?

ಹೊರಗೆ ಮಾಲೀಕ ಬಗ್ಗಿ ನೋಡುತ್ತಿದ್ದ. "ಏನಂತೆ? ನೀನು ಹಾಕಿದ್ದೂ ಕೈ ಕೊಡುತ್ತಾ?"

ರಸ್ತೆಯ ಗದ್ದಲದಲ್ಲಿ ಹೊರಗಿನವರಿಗೆ ಏನೂ ಕೇಳಿಸುವಂತಿರಲಿಲ್ಲ. ಕಡ್ಡಿ ಹೇಳಿದ್ದೇ ಕೊನೆಯ ಮಾತು. ಅವನು ಕಾರಿಂದ ಇಳಿದು ಕೈ ಒದರಿಕೊಂಡು, ಎಲ್ಲರಿಗೂ ಕೇಳುವಂತೆ ಅಂದ. "ಗಂಟೆ ಹೊಡೆದ ಹಾಗೆ ಕೇಳಿಸ್ತಿದೆಯಲ್ಲ ಭಾವ! ರೇಡಿಯೊಗೇನೂ ಆಗಿಲ್ಲ. ನಿಮ್ಮ ಕಿವೀನ ಸರ್ವೀಸಿಗೆ ಬಿಡಬೇಕು."

ಸ್ಟ್ಯಾಂಡೆಲ್ಲ ಘೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಭಾವನೇ. ನಗು ಮುಗಿಯುವ ಮೊದಲೇ ಅವನ ಕೈ ಮೇಲೆ ಹೋಗಿ ಬಲಗಿವಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಿತು. ಕಡ್ಡಿ ಅದನ್ನು ಕಂಡ. ನಾಳೆಯೇ ಕರೆಸಿ ಸದ್ದಿಲ್ಲದೆ ಕೆರೆದುಬಿಡುತ್ತೇನೆ ಅಂದುಕೊಂಡ. ಮಾಲೀಕ ಅಲ್ಲೇ ಕೆಲಸ ಅವನಿಗೆ ಕೊಟ್ಟ. ಮರುದಿನದಿಂದ ಅಂಗಡಿಯ ಮುಂದೆ ಕಾರುಗಳು ಸಾಲುಗಟ್ಟಿದವು, ಒಂದೊಂದರ ಬಣ್ಣವನ್ನೂ ಕಡ್ಡಿ ನಿಷ್ಠೆಯಿಂದ ಕೆರೆದ, ಭಾವನ ಕಾರೊಂದನ್ನು ಬಿಟ್ಟು.

ಬೇರೆಯವರಾಗಿದ್ದರೆ ಆ ತಮಾಷೆಯನ್ನು ಅಲ್ಲೇ ಮರೆಯುತ್ತಿದ್ದರು. ಭಾವನಿಗೆ ಮರೆಯಲಾಗಲಿಲ್ಲ, ಅದಕ್ಕೆ ಅವನ ಅಪ್ಪ ಕಾರಣ. ಆ ಮುದುಕನಿಗೆ ಇದೇ ವಯಸ್ಸಿನಲ್ಲಿ ಕಿವಿ ಮಂದವಾಗಿ, ಕೊನೆಗೆ ಪೂರಾ ಹೋಗಿತ್ತು. ಕೊನೆಯ ವರ್ಷಗಳಲ್ಲಿ ಕುರ್ಚಿಯಲ್ಲಿ ಕೂತು, ಯಾರು ಏನೇ ಅಂದರೂ, ಬೈದರೂ, ಸಾವಿನ ಸುದ್ದಿ ಹೇಳಿದರೂ, ಒಂದೇ ನಗು ನಗುತ್ತಿದ್ದ. ಆ ನಗುವನ್ನು ಕಡ್ಡಿಯೂ ನೋಡಿದ್ದ. ಭಾವ ಲೋಕದಲ್ಲಿ ಹೆದರುತ್ತಿದ್ದದ್ದು ಅದೊಂದಕ್ಕೆ ಮಾತ್ರ.

ತಿಂಗಳೊಪ್ಪತ್ತಾದ ಮೇಲೆ ಕಡ್ಡಿ ಅಕ್ಕನ ಮನೆಗೆ ಹೋದಾಗ ಬೀದಿಗೇ ಅವಳ ಕೂಗು ಕೇಳಿಸುತ್ತಿತ್ತು. ಜಗಳವಿರಬೇಕೆಂದು ಒಳಗೆ ಓಡಿದರೆ, ಅವಳು ಗಂಡನ ಪಕ್ಕದಲ್ಲೇ ನಿಂತು "ಟೀ ಕುಡೀತೀರೇನ್ರೀ?" ಎಂದು ಕಿರುಚುತ್ತಿದ್ದಳು.

"ಯಾಕಕ್ಕಾ ಹೀಗೆ ಕಿರುಚ್ತಿದ್ದೀಯ?"

"ಇನ್ನೇನು ಮಾಡ್ಲಿ? ಒಂದು ಮಾತಿಗೆ ನಾಲ್ಕು ಸಲ 'ಆಂ' ಅಂತಾರೆ. ಡಾಕ್ಟರ ಹತ್ರ ಹೋಗೋಣ ಅಂದ್ರೆ, ಅವರು ಬರೆದುಕೊಟ್ರೆ ಲೈಸೆನ್ಸು ಗೋತಾ ಅಂತ ಹೆದರಿ ಸಾಯ್ತಾರೆ."

ಭಾವ ನಿಜವಾಗಿ 'ಆಂ' ಅನ್ನುತ್ತಿದ್ದ. ಕಿವಿ ಹೋಗಿದೆ ಅಂದುಕೊಂಡವನು ಮೊದಲು ಮಾಡುವ ಕೆಲಸ ಕಿವಿಗೊಡುವುದನ್ನು ಬಿಡುವುದು. ಯಾವ ಮಾತು ಬಂದರೂ ತಪ್ಪಾಗಿ ಕೇಳಿಸಿತೇನೋ ಎಂಬ ಅನುಮಾನ, ಅನುಮಾನಕ್ಕೆ ಒಂದು 'ಆಂ'. ಕಡ್ಡಿಯನ್ನು ಕಂಡು ಅವನು ಮೂಲೆಗೆ ಕರೆದು, ತನ್ನಷ್ಟಕ್ಕೆ ಹೇಳಿಕೊಳ್ಳುವವನಂತೆ ಹೇಳಿದ. "ವಿಚಿತ್ರ ಕಣೋ. ಗುಡ್ಡದ ಕಡೆ ಬಾಡಿಗೆ ಹೋದ್ರೆ ಕಿವಿ ಬಿಟ್ಕೊಳ್ಳುತ್ತೆ, ರೇಡಿಯೊ ಚೆನ್ನಾಗಿ ಕೇಳಿಸುತ್ತೆ. ರೈಲ್ವೆ ಸ್ಟೇಷನ್ ಹತ್ರ ಬಂದ್ರೆ ಮುಚ್ಕೊಳ್ಳುತ್ತೆ. ಎತ್ತರಕ್ಕೆ ಹೋದಾಗ ಒಳಗೆ ಏನೋ ತೆರೀಬೇಕು. ಅಪ್ಪನಿಗೂ ಮೊದಮೊದಲು ಹಿಂಗೇ, ಒಂದು ದಿನ ಇರೋದು, ಒಂದು ದಿನ ಇಲ್ಲ."

ಅದು ಕಿವಿಯ ವರ್ಣನೆಯಲ್ಲ, ಕಾಲೂರದ ಕಡ್ಡಿಯ ವರ್ಣನೆ. ಇಷ್ಟು ಚೆನ್ನಾಗಿ ದೋಷವನ್ನು ವಿವರಿಸಿದ ಗಿರಾಕಿಯನ್ನು ಕಡ್ಡಿ ಕಂಡೇ ಇರಲಿಲ್ಲ. ಬಾಯಿ ತೆರೆದ. ಅಷ್ಟರಲ್ಲಿ ಅಕ್ಕ ಬಟ್ಟಲಲ್ಲಿ ಬಿಸಿ ಎಣ್ಣೆ ತಂದು, ಗಂಡನ ತಲೆಯನ್ನು ತನ್ನ ಮಡಿಲಿಗೆ ಬಾಗಿಸಿ ಕಿವಿಗೆ ಬಿಟ್ಟಳು. ತೆರೆದ ಬಾಯಿಯನ್ನು ಕಡ್ಡಿ ಟೀ ಕುಡಿಯಲು ಬಳಸಿಕೊಂಡ. ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುತ್ತಾರೆ ಎಂಬ ಯೋಚನೆ ಅಂದು ಬಂತು. ಮುಂದೂಡಿದಷ್ಟೂ ಆ ಪ್ರಶ್ನೆ ದೊಡ್ಡದಾಗುತ್ತ ಹೋಯಿತು, ಅದೇ ಅದರ ಕಷ್ಟ.

ಮುಂದಿನ ಸುದ್ದಿಗಳು ಸ್ಟ್ಯಾಂಡಿನಿಂದ ಬಂದವು. ಭಾವ ಈಗ ಯಾರ ಜೊತೆಗೂ ಹರಟುವುದಿಲ್ಲವಂತೆ. ಪ್ಯಾಸೆಂಜರು ಮಾತಾಡಿಸಿದರೆ ಸುಮ್ಮನೆ ಒಂದು ನಗು ನಗುತ್ತಾನಂತೆ. ಆ ನಗುವಿನ ಮಾತು ಕೇಳಿದ ದಿನ ಕಡ್ಡಿಗೆ ಊಟ ಇಳಿಯಲಿಲ್ಲ. ಊರಲ್ಲೇ ದೊಡ್ಡ ಬಾಯಿಗೆ ಬೀಗ ಬಿದ್ದಿತ್ತು, ಕೀಲಿ ತನ್ನ ಕಿಸೆಯಲ್ಲಿತ್ತು. ಅವನು ಎಂಥ ಹೇಡಿ ಎಂದರೆ, ಆಗಲೂ ಕೀಲಿಯನ್ನು ಯಾರಿಗೂ ಕಾಣದ ಹಾಗೆ ತಿರುಗಿಸುವುದು ಹೇಗೆಂದೇ ಯೋಚಿಸಿದ.

ಸ್ಪೀಕರಿನ ತಂತಿ ನೋಡಬೇಕು ಎಂದು ಸುಳ್ಳು ಹೇಳಿ ಕಾರು ತರಿಸಿಕೊಂಡ. ಭಾವನನ್ನು ಟೀ ಅಂಗಡಿಗೆ ಕಳಿಸಿ, ಚಕ್ರದ ಪಕ್ಕ ಮಲಗಿ, ತಗಡು ಕನ್ನಡಿಯಾಗುವಷ್ಟು ಕೆರೆದ. ಹಲ್ಲಿನ ವಾಷರು ಹಾಕಿ, ಬಿಗಿದು, ತುಕ್ಕು ಹಿಡಿಯದಂತೆ ಗ್ರೀಸು ಸವರಿದ. ಒಳಗೆ ಕೂತು ದೂರದೂರದ ಸ್ಟೇಷನ್ನುಗಳನ್ನೆಲ್ಲ ತಿರುಗಿಸಿ ನೋಡಿದ. ಎಲ್ಲವೂ ಗಂಟೆ ಹೊಡೆದ ಹಾಗೆ. ಆ ಮಾತು ನೆನಪಾಗಿ ನಾಚಿಕೆಯಿಂದ ಕುಗ್ಗಿಹೋದ. ಆದರೂ ಇನ್ನು ಭಾವನೇ ರೇಡಿಯೊ ಹಾಕುತ್ತಾನೆ, ಚೆನ್ನಾಗಿ ಕೇಳಿಸುತ್ತದೆ, ಕಿವಿ ಸರಿಹೋಯಿತೆಂದು ಕುಣಿಯುತ್ತಾನೆ, ಯಾರಿಗೂ ಏನೂ ಹೇಳುವ ಪ್ರಮೇಯವೇ ಬರುವುದಿಲ್ಲ ಎಂದು ಧೈರ್ಯ ತಂದುಕೊಂಡ.

ದಿನಗಳು ಹೋದವು, ಕುಣಿದ ಸುದ್ದಿ ಬರಲಿಲ್ಲ. ಬಂದದ್ದು ಅಕ್ಕ, ಅಂಗಡಿಗೆ, ಕೆಂಪಾದ ಕಣ್ಣಲ್ಲಿ. "ಕಾರು ಮಾರ್ತಾರಂತೆ ಕಣೋ. ನಾಳೆ ಕೊಳ್ಳೋರು ಬರ್ತಾರೆ. ಹಿಂದಿನಿಂದ ಹಾರ್ನ್ ಕೇಳದೆ ಯಾರ ಮೇಲಾದ್ರೂ ಹತ್ತಿಸಿಬಿಡ್ತೀನಿ, ಆ ಪಾಪ ಬೇಡ ಅಂತಾರೆ. ನಾಳೆಯಿಂದ ಅವರು ಮನೇಲಿ ಕೂತ್ರೆ ಬದುಕ್ತಾರೇನೋ? ನೀನಾದ್ರೂ ಒಂದು ಮಾತು ಹೇಳೋ."

"ರೇಡಿಯೊ ಹಾಕಲ್ವಾ ಈಗ?" ಕಡ್ಡಿ ಕೇಳಿದ.

"ಅದನ್ನ ಮುಟ್ಟಿ ಎಷ್ಟೋ ದಿನ ಆಯ್ತು. ಹಾಕಿದ್ರೆ ಎಷ್ಟು ಹೋಗಿದೆ ಅಂತ ಗೊತ್ತಾಗುತ್ತೆ, ಗೊತ್ತಾಗೋದೇ ಬೇಡ ಅಂತಾರೆ."

ಕಡ್ಡಿ ಷಟರ್ ಎಳೆದು ಸ್ಟ್ಯಾಂಡಿಗೆ ಹೋದ. ಭಾವ ಸಾಲಿನ ಕೊನೆಯಲ್ಲಿ ಕಾರೊಳಗೆ ಒಬ್ಬನೇ ಕೂತಿದ್ದ. ಕಡ್ಡಿ ಮುಂದಿನ ಸೀಟು ಹತ್ತಿ, "ಸ್ವಲ್ಪ ಸುತ್ತಾಡಿಸಿ ಭಾವ" ಅಂದ. ಭಾವ ಅದೇ ನಗು ನಕ್ಕು ಕಾರು ಚಾಲು ಮಾಡಿದ. ರೈಲ್ವೆ ಸ್ಟೇಷನ್ ಹಿಂದಿನ ಇಕ್ಕಟ್ಟು ರಸ್ತೆಗೆ, ಅಲೆ ಎಲ್ಲಕ್ಕಿಂತ ಕಡಿಮೆ ಇರುವ ಕಡೆಗೆ ಬಂದಾಗ, ಕಡ್ಡಿ ಕೈ ಚಾಚಿ ರೇಡಿಯೊ ಹಾಕಿದ. ಒಬ್ಬ ಹೆಂಗಸು ಹಾಡುತ್ತಿದ್ದಳು. ಅವಳು ಉಸಿರೆಳೆದುಕೊಳ್ಳುವುದೂ ಕೇಳಿಸಿತು.

ಭಾವ ರಸ್ತೆಯ ಪಕ್ಕಕ್ಕೆ ಕಾರು ತಂದು ನಿಲ್ಲಿಸಿಬಿಟ್ಟ. "ಕೇಳಿಸ್ತಿದೆ ಕಣೋ" ಅಂದ. "ಎಲ್ಲಾ ಕೇಳಿಸ್ತಿದೆ. ನಿಮ್ಮಕ್ಕನ ಎಣ್ಣೆ!" ಕಣ್ಣಲ್ಲಿ ನೀರು ತುಂಬಿಕೊಂಡಿತು. ಕಡ್ಡಿಗೆ ಬದುಕಿಕೊಂಡೆ ಅನ್ನಿಸಿತು. ಅಕ್ಕನ ಎಣ್ಣೆಗೆ ಕೀರ್ತಿ ಹೋಗಲಿ, ತನಗೇನಂತೆ.

ಆದರೆ ಹಾಡು ಮುಗಿಯುವ ಹೊತ್ತಿಗೆ ಭಾವನ ಮುಖ ಮತ್ತೆ ಇಳಿಯಿತು. ಕಣ್ಣೊರೆಸಿಕೊಂಡು ರೇಡಿಯೊ ಆರಿಸಿದ. "ಅಪ್ಪನಿಗೂ ಹಿಂಗೇ ಆಗಿತ್ತು. ಒಂದು ವಾರ ಪೂರಾ ಚೆನ್ನಾಗಿ ಕೇಳಿಸ್ತು, ಮನೆಯವರೆಲ್ಲ ಸಂಭ್ರಮಪಟ್ವಿ. ಅದೇ ಕೊನೆ. ದೀಪ ಆರೋ ಮುಂಚೆ ಜೋರಾಗಿ ಉರಿಯುತ್ತಲ್ಲ, ಹಂಗೆ. ನಾಳೆ ಕೊಟ್ಟುಬಿಡ್ತೀನಿ. ಕೇಳಿಸ್ತಿರೋವಾಗಲೇ ಕೊಟ್ರೆ ಒಳ್ಳೇದು."

ಇನ್ನು ಅಡಗಿಕೊಳ್ಳಲು ಜಾಗವೇ ಉಳಿದಿರಲಿಲ್ಲ. ಕಡ್ಡಿ ಡ್ಯಾಷ್‌ಬೋರ್ಡ್ ನೋಡುತ್ತ ಹೇಳಿದ. "ನಿಮ್ಮ ಕಿವಿಗೆ ಯಾವತ್ತೂ ಏನೂ ಆಗಿರಲಿಲ್ಲ ಭಾವ. ನಾನು ಬಣ್ಣ ಕೆರೀಲಿಲ್ಲ. ರಬ್ಬರ್ ಹಾಕಿ ಹಾಗೇ ಕೂರಿಸಿದ್ದೆ. ಸ್ಪೀಕರ್ ನೋಡ್ತೀನಿ ಅಂತ ಕಾರು ತರಿಸಿದ ದಿನ ಕೆರೆದೆ. ಅದಕ್ಕೇ ಈಗ ಕೇಳಿಸ್ತಿರೋದು."

ಭಾವ 'ಆಂ' ಅನ್ನಲಿಲ್ಲ. ಆಮೇಲೆ ಒಂದೇ ಒಂದು ಮಾತು ಕೇಳಿದ.

"ಆವತ್ತು ಸ್ಟ್ಯಾಂಡಲ್ಲಿ, ನನ್ನ ಪಕ್ಕ ಕೂತಿದ್ಯಲ್ಲ. ಮಂಕಾಗಿದೆ ಅಂತ ನಿನಗೂ ಕೇಳಿಸ್ತಾ?"

"ಕೇಳಿಸ್ತು ಭಾವ."

"ಇಳಿ."

ಕಡ್ಡಿ ಇಳಿದ. ಕಾರು ಹೋಯಿತು. ಅದು ಮಾರಾಟವಾಗಲಿಲ್ಲ.

ಮರುದಿನ ಅಕ್ಕ ಅಂಗಡಿಗೆ ಬಂದು, ಟೈರಿನ ಅಂಗಡಿಯವನಿಗೂ ಗಾಜಿನ ಅಂಗಡಿಯವನಿಗೂ ಕೇಳುವಂತೆ ಬೈದಳು. ಅರಚಿ ಅರಚಿ ಗಂಟಲು ಹರಿದುಕೊಂಡದ್ದು ತಾನು, ಎಣ್ಣೆ ಬಿಟ್ಟದ್ದು ತಾನು, ರಾತ್ರಿಯೆಲ್ಲ ಅತ್ತದ್ದು ತಾನು, ಇವನು ಬಂದು ಬಂದು ಟೀ ಕುಡಿದು ಹೋದನಂತೆ. "ಒಂದು ಸಲ ಅಲ್ಲ ಕಣೋ, ಬಂದಾಗಲೆಲ್ಲ ಕುಡಿದೆ. ಸಕ್ಕರೆ ಸಾಲದು ಅಂತ ಬೇರೆ ಅಂದೆ!" ಎಲ್ಲ ತಪ್ಪುಗಳಲ್ಲಿ ಆ ಸಕ್ಕರೆಯ ಮಾತೇ ಅವನನ್ನು ಹೆಚ್ಚು ಚುಚ್ಚಿತು. ತಲೆ ತಗ್ಗಿಸಿ ನಿಂತ. ಅಕ್ಕ ಹೋಗುವಾಗ ಗೋಡೆಯ ಮೊಳೆಯಲ್ಲಿದ್ದ ಒಂದು ಕಡ್ಡಿಯನ್ನು ಕಿತ್ತು ನೆಲಕ್ಕೆಸೆದಳು, ಅದು ಆ ಷೋಕಿಯ ಗಿಡ್ಡ ಕಡ್ಡಿ.

ಆಮೇಲೆ ಅಂಗಡಿಗೆ ಬಂದ ಗಿರಾಕಿಗಳ ವರ್ತನೆ ಬದಲಾಯಿತು. ಕೆಲಸ ಮುಗಿದ ಮೇಲೆ ಮಡ್‌ಗಾರ್ಡಿನ ಕೆಳಗೆ ಬಗ್ಗಿ, ಮೊಬೈಲಿನ ಬೆಳಕು ಬಿಟ್ಟು, "ಕೆರೆದಿದ್ದೀಯ ತಾನೆ?" ಎಂದು ಕೇಳತೊಡಗಿದರು. ಗುರುತು ಪರಿಚಯವಿಲ್ಲದವರು "ಓ, ಭಾವನ್ನ ಕಿವುಡು ಮಾಡಿದ ಅಂಗಡಿ ಇದೇನಾ?" ಎನ್ನುತ್ತಿದ್ದರು. ಎಲ್ಲಿ ಕೇಳಿದಿರಿ ಎಂದರೆ ಒಂದೇ ಉತ್ತರ, ಟ್ಯಾಕ್ಸಿಯಲ್ಲಿ. ನೀಲಿ ಟ್ಯಾಕ್ಸಿಯಲ್ಲಿ. ಭಾವನ ಬಾಯಿಯ ಬೀಗ ಕಳಚಿತ್ತು, ಅಷ್ಟು ದಿನ ಕೂಡಿಟ್ಟದ್ದೆಲ್ಲ ಹೊರಗೆ ಬರುತ್ತಿತ್ತು. ಹತ್ತಾರು ಕಾರುಗಳ ಮಾಲೀಕ ಮುಂದಿನ ಕೆಲಸವನ್ನು ಬೇರೆಯವನಿಗೆ ಕೊಟ್ಟ. ಕಡ್ಡಿ ಯಾರಿಗೂ ಎದುರು ಮಾತಾಡಲಿಲ್ಲ. "ಹೌದು, ನಾನೇ" ಅನ್ನುತ್ತಿದ್ದ. ಒಮ್ಮೊಮ್ಮೆ ತಡೆಯಲಾರದೆ, "ಜೋರಾಗಿ ಹೇಳ್ತಿದ್ರಾ? ನಗ್ತಾ ಹೇಳ್ತಿದ್ರಾ?" ಎಂದು ಕೇಳುತ್ತಿದ್ದ. ಹೌದೆಂದರೆ ಆ ರಾತ್ರಿ ಸ್ವಲ್ಪ ನಿದ್ದೆ ಬರುತ್ತಿತ್ತು.

ಆದರೆ ಭಾವ ಅವನೊಂದಿಗೆ ಮಾತಾಡಲಿಲ್ಲ. ಅಕ್ಕನ ಮನೆಗೆ ಹೋಗುವ ಮುಖವೂ ಅವನಿಗಿರಲಿಲ್ಲ. ಕೊನೆಗೊಂದು ಮಧ್ಯಾಹ್ನ ಸ್ಟ್ಯಾಂಡಿಗೇ ಹೋದ. ಸಾಲಿನ ಮೊದಲಿಗೆ ನೀಲಿ ಕಾರೇ ಇತ್ತು. ಡ್ರೈವರುಗಳು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದುಕೊಂಡರು. ಕಡ್ಡಿ ಎಂದಿನಂತೆ ಮುಂದಿನ ಬಾಗಿಲಿಗೆ ಕೈ ಹಾಕಿದ, ಅದು ತೆರೆಯಲಿಲ್ಲ. ಭಾವ ಎದುರಿನ ರಸ್ತೆಯನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಬಾಗಿಲಿನ ಲಾಕು ಕ್ಲಿಕ್ಕೆಂದಿತು. ಕಡ್ಡಿ ಹಿಂದೆ ಹತ್ತಿ ಕೂತ.

"ಎಲ್ಲಿಗೆ ಸಾರ್?"

ಆ 'ಸಾರ್' ಕಪಾಳಕ್ಕೆ ಬಿಟ್ಟ ಹಾಗಿತ್ತು. ಕಡ್ಡಿ "ಗಾಜಿನ ಅಂಗಡಿ ಪಕ್ಕ, ರೇಡಿಯೊ ಅಂಗಡಿ" ಅಂದ.

"ಓಹೋ, ಅಲ್ಲಿಗಾ? ಆ ಅಂಗಡಿಯವನು ಗೊತ್ತಾ ನಿಮಗೆ?"

"ಸ್ವಲ್ಪ ಗೊತ್ತು."

"ನನಗೊಬ್ಬ ಭಾವಮೈದ ಇದ್ದಾನೆ ಸಾರ್" ಎಂದು ಭಾವ ಶುರು ಮಾಡಿದ. ಹ್ಯಾಂಗರಿನಿಂದ ಹಿಡಿದು, ಹೊಸ ಬಣ್ಣ, ಸ್ಟ್ಯಾಂಡಿನ ನಗು, ಗುಡ್ಡ ಹತ್ತಿದರೆ ಬಿಟ್ಟುಕೊಳ್ಳುವ ಕಿವಿ, ಅಕ್ಕನ ಎಣ್ಣೆ, ಎಲ್ಲವನ್ನೂ ಹೇಳಿದ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಗಿಸಬೇಕು ಎಂದು ಹೇಳಿ ಹೇಳಿ ಕತೆ ಪಳಗಿಹೋಗಿತ್ತು. ಕಡ್ಡಿಗೆ ಗೊತ್ತಿಲ್ಲದ ಒಂದು ಭಾಗ ಮಾತ್ರ ಕೊನೆಯಲ್ಲಿ ಬಂತು, ಅದಕ್ಕೆ ಭಾವ ನಗಿಸಲು ಹೋಗಲಿಲ್ಲ.

"ಹೆಂಡತಿ ದನಿ ಹೇಗಿತ್ತು ಅಂತ ಮುಂದೆ ಮರೆತುಹೋದ್ರೆ ಏನು ಗತಿ ಅಂತ, ಅವಳು ಅಡುಗೆಮನೇಲಿ ತನ್ನಷ್ಟಕ್ಕೆ ಗೊಣಗೋದನ್ನ ಬಾಗಿಲ ಹಿಂದೆ ನಿಂತು ಕೇಳಿಸ್ಕೊಳ್ತಿದ್ದೆ ಸಾರ್. ಕ್ಲೀನಾಗಿ ಕೇಳಿಸ್ತಿತ್ತು. ಒಂದೊಂದು ಅಕ್ಷರನೂ ಕೇಳಿಸ್ತಿತ್ತು. ಆದ್ರೂ ನಂಬಿಕೆ ಬರಲಿಲ್ಲ. ಕಿವಿ ಹೋಗಿದೆ ಅಂತ ನನ್ನ ಭಾವಮೈದ ಹೇಳಿದ್ದಾನಲ್ಲ, ಅವನಿಗೆ ತಪ್ಪಾಗೋಕೆ ಸಾಧ್ಯವಾ ಅಂತ. ನನ್ನ ಕಿವಿಗಿಂತ ಅವನ ಮಾತು ದೊಡ್ಡದು ಅಂದ್ಕೊಂಡಿದ್ದೆ."

ಕಿಟಕಿಯಾಚೆ ಟೈರಿನ ಅಂಗಡಿ ಕಾಣಿಸಿತು. ಕಾರು ನಿಧಾನವಾಯಿತು. ಏನಾದರೂ ಹೇಳಬೇಕಿತ್ತು, ತಪ್ಪಾಯಿತು ಎನ್ನಲು ಪ್ಯಾಸೆಂಜರಿಗೆ ಏನು ಹಕ್ಕು? ಪ್ಯಾಸೆಂಜರು ಕೇಳುವುದನ್ನೇ ಕೇಳಿದ.

"ಆಮೇಲೆ ಅವನಿಗೆ ಏನು ಮಾಡಿದ್ರಿ?"

ಭಾವ ಕನ್ನಡಿಯಲ್ಲಿ ಮೊದಲ ಸಲ ಅವನನ್ನು ನೋಡಿದ.

"ಸದ್ಯಕ್ಕೆ ಹಿಂದಿನ ಸೀಟಲ್ಲಿ ಕೂರಿಸಿದ್ದೀನಿ ಸಾರ್."